ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ನಮ್ಮ ರೈತಾಪಿ ಜನರ ಬಾಯಲ್ಲಿ ಬಹಳ ಹಳೆಯದು. ಕೋವಿಡ್ ಪಿಡುಗಿನ ಕಾಲದಲ್ಲಿ ನಮ್ಮನ್ನಾಳಿದವರು ನಡೆಸಿದ ಆಡಳಿತವನ್ನು ಒಂದೇ ಮಾತಿನಲ್ಲಿ ಹೇಳೆಂದರೆ ನಮಗೆ ಈ ಗಾದೆಯೇ ನೆನಪಾಗುತ್ತದೆ. ರೋಗ ಹೆಚ್ಚಾಗಿ ಹಬ್ಬಿದ್ದು ಗಾಳಿಯಾಡದ ಕೋಣೆಗಳಲ್ಲಿ, ಜನರನ್ನು ಮೈಗೆ ಮೈ ತಾಗಿಸಿ ಕೂರಿಸಿದ ಕೆಲಸದ ಮನೆಗಳಲ್ಲಿ. ಲಾಠಿ ಬಿದ್ದದ್ದು ಬಯಲು ಬೀದಿಯಲ್ಲಿ ಸೊಪ್ಪು ಮಾರಲು ಹೊರಟವಳ ಬುಟ್ಟಿಯ ಮೇಲೆ.

ಆ ದಿನಗಳು ಕಳೆದು ವರ್ಷಗಳಾದವು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಕೊನೆಗೊಂಡಿತೆಂದು ಸಾರಿತು. ಮುಗಿದ ಕಥೆಯನ್ನು ಈಗೇಕೆ ಕೆದಕುತ್ತೀರಿ ಎಂದು ಓದುಗರು ಕೇಳಬಹುದು. ಕಾರಣವುಂಟು. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲೊಂದು ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ್ದು. 1948ರ ಕಾರ್ಖಾನೆ ಕಾಯಿದೆ ಅದರಲ್ಲಿ ಕರಗಿಹೋಗಿದೆ. ಮುಂದೆ ಇನ್ನೊಂದು ಪಿಡುಗು ಬಂದರೆ ಕೆಲಸಗಾರನ ಗತಿಯೇನೆಂಬುದನ್ನು ಆ ಸಂಹಿತೆಯ ಒಂದು ಕಲಮು ಈಗಾಗಲೇ ಬರೆದಿಟ್ಟಿದೆ. ಆ ಕಲಮಿನ ಮಾತಿಗೆ ಬರುವ ಮೊದಲು ನಡೆದದ್ದನ್ನು ಒಮ್ಮೆ ನೆನೆಯುವುದು ಅವಶ್ಯ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ನಿರ್ಬಂಧವೇ ಬೇಡವಾಗಿತ್ತು ಎನ್ನುವ ಗುಂಪಿಗೆ ನಾವು ಸೇರಿದವರಲ್ಲ. ಸರಕಾರದ ಲೆಕ್ಕದಲ್ಲೇ ಈ ರಾಜ್ಯದಲ್ಲಿ 40,000ಕ್ಕೆ ಮಿಕ್ಕಿ ಜನ ಈ ರೋಗಕ್ಕೆ ಬಲಿಯಾದರು. ನಮ್ಮ ಅಜ್ಜಂದಿರು ಪ್ಲೇಗು ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದವರು. ಎಲ್ಲರ ಪ್ರಾಣಕ್ಕಾಗಿ ಒಬ್ಬೊಬ್ಬರೂ ಕಷ್ಟ ಪಡಬೇಕಾದಾಗ ಪಡಲು ನಮ್ಮ ಜನ ಹಿಂದೆಗೆಯುವವರಲ್ಲ. ನಾವು ಕೇಳುವುದು ಇಷ್ಟೇ: ಕಷ್ಟವನ್ನು ಹಂಚಿದವರು ಯಾರು, ಯಾವ ತಕ್ಕಡಿಯಲ್ಲಿ ತೂಗಿ ಹಂಚಿದರು?

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವನ್ನೇ ಮುಚ್ಚುವುದಾಗಿ ಪ್ರಧಾನಿಗಳು ಸಾರಿದಾಗ ಜನರಿಗೆ ದೊರೆತದ್ದು ನಾಲ್ಕು ಗಂಟೆಯ ವ್ಯವಧಾನ. ಆಮೇಲೆ ದಿನಕ್ಕೊಂದು ಆಜ್ಞೆ. ಕೆಂಪು ಜಿಲ್ಲೆ, ಕಿತ್ತಳೆ ಜಿಲ್ಲೆ, ಹಸಿರು ಜಿಲ್ಲೆ ಎಂದು ನಕ್ಷೆಗೆ ಬಣ್ಣ ಬಳಿದರು. ಬಣ್ಣ ಬಳಿದವರಿಗೆ ಜಿಲ್ಲೆಯ ಗಡಿ ಒಂದು ಗೆರೆಯಾಗಿ ಕಂಡಿತು. ಆ ಗೆರೆಯ ಆಚೆ ಹೊಲವಿದ್ದು ಈಚೆ ಮನೆಯಿದ್ದ ರೈತನಿಗೆ ಅದು ಗೋಡೆಯಾಯಿತು. ಹತ್ತಿರದ ಸಂತೆ, ಹತ್ತಿರದ ಔಷಧದಂಗಡಿ, ಹೆಣ್ಣು ಕೊಟ್ಟ ಮನೆ ಪಕ್ಕದ ಜಿಲ್ಲೆಯಲ್ಲಿರುವ ಗಡಿಹಳ್ಳಿಗಳು ಈ ನಾಡಿನಲ್ಲಿ ಎಷ್ಟಿಲ್ಲ? ಪಾಸು ಬೇಕೆಂದರೆ ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು. ಕಂಪ್ಯೂಟರು ಇರುವ ಅಂಗಡಿಗೆ ಹೋಗಬೇಕಾದರೆ ಪಾಸು ಬೇಕು!

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಸರಕಾರ ವಿಧಿಸಿದ ಎರಡನೆಯ ಬಂದಿನ ಕಥೆಯೂ ಬೇರೆಯಲ್ಲ. ಬೆಳಗಿನ 6ರಿಂದ 10ರವರೆಗೆ ಮಾತ್ರ ಅಂಗಡಿ. ದಿನವಿಡೀ ಹಂಚಿಹೋಗಬಹುದಾಗಿದ್ದ ಜನಜಂಗುಳಿಯನ್ನು ನಾಲ್ಕು ಗಂಟೆಯ ಸಂದಿಗೆ ತುರುಕಿದರೆ ಸೋಂಕು ಕಡಮೆಯಾಗುವುದೆಂದು ಯಾವ ವೈದ್ಯಶಾಸ್ತ್ರ ಹೇಳಿತೋ ನಾವರಿಯೆವು. ಮೇ 10ರಿಂದ ಬಂದ ಬಿಗಿ ಆಜ್ಞೆಯಲ್ಲಂತೂ ಸಾಮಾನು ತರಲು ನಡೆದೇ ಹೋಗಬೇಕು, ಗಾಡಿ ಹತ್ತಕೂಡದು ಎಂದರು. ಜನ ಕೂಗಾಡಿದ ಮೇಲೆ ಹತ್ತಿರದ ಅಂಗಡಿಗೆ ಗಾಡಿಯಲ್ಲಿ ಹೋಗಬಹುದು ಎಂದು ತಿದ್ದಿದರು. ಅದಕ್ಕೂ ಮೊದಲು, 2020ರ ಅಕ್ಟೋಬರಿನಲ್ಲಿ, ಮುಖಗವಸು ಹಾಕದವರಿಗೆ ನಗರದಲ್ಲಿ 1,000 ರೂಪಾಯಿ, ಹಳ್ಳಿಯಲ್ಲಿ 500 ರೂಪಾಯಿ ದಂಡವೆಂದು ಸಾರಿ, ಒಂದು ವಾರ ತುಂಬುವುದರೊಳಗೆ 250 ಮತ್ತು 100ಕ್ಕೆ ಇಳಿಸಿದ್ದೂ ಇದೇ ಸರಕಾರ. ಹಳ್ಳಿಯ ಕೂಲಿಕಾರನ ಒಂದು ದಿನದ ದುಡಿಮೆ ಎಷ್ಟೆಂಬುದು ವಿಧಾನಸೌಧದವರಿಗೆ ತಿಳಿಯಲು ಆ ಒಂದು ವಾರ ಬೇಕಾಯಿತೆಂದು ಕಾಣುತ್ತದೆ.

ರಾಜ್ಯದ ಗಡಿಯಲ್ಲಿ ನಡೆದದ್ದು ಇನ್ನೂ ಘೋರ. ಕಾಸರಗೋಡಿನ ಕನ್ನಡಿಗರಿಗೂ ಮಲೆಯಾಳಿಗಳಿಗೂ ತಲೆಮಾರುಗಳಿಂದ ಆಸ್ಪತ್ರೆಯೆಂದರೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ನಮ್ಮ ಸರಕಾರ ಗಡಿಯ ರಸ್ತೆಗಳ ಮೇಲೆ ಮಣ್ಣು ಸುರಿಸಿತು. ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು. ಡಯಾಲಿಸಿಸ್ಸಿಗೆ, ಹೃದಯದ ಚಿಕಿತ್ಸೆಗೆ, ಹೆರಿಗೆಗೆ ಹೊರಟ ಆಂಬುಲೆನ್ಸುಗಳು ಹಿಂದಿರುಗಿದವು. ದಾರಿ ಸಿಗದೆ ಹಲವರು ಸತ್ತರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆಜ್ಞೆ ಮಾಡಿ, ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ತುರ್ತುರೋಗಿಗಳಿಗೆ ಒಂದು ವ್ಯವಸ್ಥೆಯಾಯಿತು. ಸೋಂಕನ್ನು ತಡೆಯಹೊರಟವರು ರೋಗಿಯನ್ನೇ ತಡೆದರು. ಕನ್ನಡ ಮಾತಾಡುವವನನ್ನು ಕನ್ನಡ ಸರಕಾರವೇ ಗಡಿಯಲ್ಲಿ ನಿಲ್ಲಿಸಿ ಸಾಯಬಿಟ್ಟ ಆ ದಿನಗಳನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಯಾರೂ ನೆನೆಯುವುದಿಲ್ಲ.

ಬೀದಿಯಲ್ಲಿ ಇಷ್ಟೊಂದು ಬಿಗಿಯಿದ್ದ ಆಡಳಿತ ಕಾರ್ಖಾನೆಯ ಬಾಗಿಲಲ್ಲಿ ಹೇಗೆ ನಡೆದುಕೊಂಡಿತು? ಅಲ್ಲಿ ಮಾತ್ರ ಅದರ ಲಾಠಿ ಮೆತ್ತಗಾಯಿತು.

ರೋಗ ಈ ರಾಜ್ಯಕ್ಕೆ ಕಾಲಿಟ್ಟ ತಿಂಗಳಲ್ಲೇ ನಮಗೆ ಎಚ್ಚರಿಕೆ ಸಿಕ್ಕಿತ್ತು. 2020ರ ಮಾರ್ಚ್ 26ರಂದು ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಕೆಲಸಗಾರನಲ್ಲಿ ಸೋಂಕು ಪತ್ತೆಯಾಯಿತು. ಮುಂದಿನ ವಾರಗಳಲ್ಲಿ ಮೈಸೂರು ಜಿಲ್ಲೆಯಲ್ಲಿ ಕಂಡುಬಂದ ಪ್ರಕರಣಗಳಲ್ಲಿ ಬಹುಪಾಲು ಆ ಒಂದೇ ಕಾರ್ಖಾನೆಯ ನಂಟಿನವು. ಜೂನ್ ತಿಂಗಳಲ್ಲಿ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನೂರಕ್ಕೆ ಮಿಕ್ಕಿ ಜನರಿಗೆ ಸೋಂಕು ತಗಲಿತು. ಜನ ಸೇರುವ ಜಾಗವೆಂದರೆ ಸಂತೆ, ಜಾತ್ರೆ, ಮದುವೆ ಮಾತ್ರವಲ್ಲ, ಪಾಳಿಯ ಹೊತ್ತಿನ ಕಾರ್ಖಾನೆಯೂ ಹೌದೆಂಬುದನ್ನು ತಿಳಿಯಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿತ್ತೇ?

ಆದರೂ ಸುರಕ್ಷತೆಯ ಹೆಸರಿನಲ್ಲಿ ನಡೆದದ್ದೇನು? ಗೇಟಿನಲ್ಲಿ ಒಬ್ಬ ಕಾವಲುಗಾರ, ಕೈಯಲ್ಲಿ ಒಂದು ಜ್ವರಮಾಪಕ, ಮೇಜಿನ ಮೇಲೊಂದು ಕೈತೊಳೆಯುವ ದ್ರಾವಣದ ಸೀಸೆ. ಜ್ವರವಿಲ್ಲದವನೂ ಸೋಂಕು ಹರಡಬಲ್ಲನೆಂಬುದು ಆ ವೇಳೆಗೇ ಗೊತ್ತಿತ್ತು. ಮಾತಾಡುವಾಗ, ಕೂಗುವಾಗ ಬಾಯಿಂದ ಹೊರಬೀಳುವ ಅತಿ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಹೊಗೆಯಂತೆ ತೇಲಿ ನಿಲ್ಲುತ್ತವೆ. ಕಿಟಕಿ ತೆರೆದು ಗಾಳಿ ಓಡಾಡಿದರೆ ಚದರಿಹೋಗುತ್ತವೆ. ಗಾಳಿಯಿಂದ ಹರಡುವುದನ್ನು ಒಪ್ಪಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆಯೇ 2021ರವರೆಗೆ ತಡಮಾಡಿತು, ನಿಜ. ಆದರೆ ಅದಾದ ಮೇಲಾದರೂ ನಮ್ಮ ಕಾರ್ಖಾನೆಗಳ ಕಿಟಕಿಗಳು ತೆರೆದವೇ? ಯಂತ್ರದ ಸದ್ದಿನಲ್ಲಿ ಪಕ್ಕದವರಿಗೆ ಕೂಗಿ ಹೇಳಬೇಕಾದ ಹೊಲಿಗೆಯ ಹಾಲಿನಲ್ಲಿ, ಗಂಟೆಗಿಷ್ಟು ತುಂಡು ಮುಗಿಸಲೇಬೇಕೆಂಬ ಲೆಕ್ಕದ ಕೆಳಗೆ, ನೂರಾರು ಹೆಂಗಸರು ಸಾಲು ಸಾಲಾಗಿ ಕೂತರು. ಎಷ್ಟು ಜನಕ್ಕೆ ಎಷ್ಟು ಗಾಳಿ ಬೇಕೆಂದು ಅಳೆಯಲು ಯಾವ ಇನ್‌ಸ್ಪೆಕ್ಟರು ಬಂದ? ಮುಖಗವಸಿಲ್ಲದ ದಾರಿಹೋಕನಿಗೆ ರಸೀದಿ ಹರಿಯಲು ಪೇದೆಗಳಿದ್ದರು. ಮುಚ್ಚಿದ ಕಿಟಕಿಗೆ ರಸೀದಿ ಹರಿದದ್ದನ್ನು ನಾವು ಕಾಣಲಿಲ್ಲ.

2021ರ ಆಜ್ಞೆಯಲ್ಲಿ ಕಾರ್ಖಾನೆಗಳೂ ಕಟ್ಟಡ ಕೆಲಸವೂ ನಡೆಯಬಹುದೆಂದರು, ಬಸ್ಸುಗಳು ಓಡಕೂಡದೆಂದರು. ಗುರುತಿನ ಚೀಟಿ ತೋರಿಸಿ ಕೆಲಸಕ್ಕೆ ಹೋಗಬಹುದಂತೆ. ಹೋಗುವುದು ಯಾವುದರಲ್ಲಿ? ಹದಿನೈದು ಇಪ್ಪತ್ತು ಮೈಲಿ ದೂರದ ಹಳ್ಳಿಯಿಂದ ಬರುವವರು ಗೂಡ್ಸ್ ಗಾಡಿಯಲ್ಲಿ ಒತ್ತೊತ್ತಾಗಿ ನಿಂತು ಬರಬೇಕಾಯಿತು. ನಾಕಾಬಂದಿಯಲ್ಲಿ ಗಾಡಿಯನ್ನು ತಡೆದು ಅಂತರ ಕಾಯಲಿಲ್ಲವೆಂದು ಬೈಯುವವರು ಅವರನ್ನೇ ಬೈದರು. ತಡವಾಗಿ ಬಂದರೆಂದು ಕೂಲಿ ಕತ್ತರಿಸುವವರು ಅವರದನ್ನೇ ಕತ್ತರಿಸಿದರು. ಚೀಟಿಯನ್ನೇ ಕೊಡದ ಸಣ್ಣ ಗುತ್ತಿಗೆದಾರರ ಕೈಕೆಳಗಿನವರ ಪಾಡನ್ನು ಹೇಳುವುದೇ ಬೇಡ.

ಬಂಡವಾಳಗಾರರ ಮಾತು ಬಂದಾಗ ಸರಕಾರದ ಕಿವಿ ಎಷ್ಟು ಚುರುಕಾಗಿತ್ತೆಂಬುದಕ್ಕೆ ಎರಡು ದೃಷ್ಟಾಂತ ಸಾಕು. 2020ರ ಮೇ 5ರಂದು ಕಟ್ಟಡ ಉದ್ಯಮಿಗಳು ಮುಖ್ಯಮಂತ್ರಿಗಳನ್ನು ಕಂಡರು. ಅದರ ಬೆನ್ನಲ್ಲೇ, ಹೊರರಾಜ್ಯದ ಕೂಲಿಗಾರರನ್ನು ಊರಿಗೆ ಮುಟ್ಟಿಸಬೇಕಿದ್ದ ಶ್ರಮಿಕ ರೈಲುಗಳು ಬೇಡವೆಂದು ರಾಜ್ಯ ಸರಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀ ಎಂದ ಮೇಲೆ ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ಅದೇ ತಿಂಗಳ 22ರಂದು ಇನ್ನೊಂದು ಆಜ್ಞೆ: ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು. ರೋಗದ ಕಾಲದಲ್ಲಿ ಜನ ಒಂದೇ ಕೋಣೆಯಲ್ಲಿ ಕೂಡಿರುವ ಹೊತ್ತನ್ನು ತಗ್ಗಿಸಬೇಕೆಂಬುದು ಸಾಮಾನ್ಯ ಬುದ್ಧಿ. ನಮ್ಮ ಸರಕಾರ ಅದನ್ನು ಹೆಚ್ಚಿಸಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಜೂನ್ 11ರಂದು ಆ ಆಜ್ಞೆಯನ್ನು ವಾಪಸು ಪಡೆಯಲಾಯಿತು. ಆದರೆ ಆಸೆ ಅಷ್ಟಕ್ಕೆ ಸಾಯಲಿಲ್ಲ. 2023ರಲ್ಲಿ ಕಾರ್ಖಾನೆ ಕಾಯಿದೆಗೆ ರಾಜ್ಯದ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿದರು. ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮಿನ ಮಿತಿಯನ್ನು 145ಕ್ಕೆ ಏರಿಸಿದರು. ಪಿಡುಗಿನ ಹೆಸರಿನಲ್ಲಿ ಬಾಗಿಲಿನಿಂದ ಹೊರಗೆ ಹೋದದ್ದು ವ್ಯಾಪಾರದ ಹೆಸರಿನಲ್ಲಿ ಕಿಟಕಿಯಿಂದ ಒಳಗೆ ಬಂದಿತು.

ಜ್ವರವಿದ್ದರೂ ಮಾತ್ರೆ ನುಂಗಿ ಕೆಲಸಕ್ಕೆ ಬಂದರೆಂದು ಕೆಲಸಗಾರರನ್ನು ದೂರಿದವರು ಬಹಳ ಮಂದಿ. ಅವರೊಡನೆ ನಾವು ಒಂದು ಸಣ್ಣ ಲೆಕ್ಕ ಮಾಡಬಯಸುತ್ತೇವೆ. ದಿನಕ್ಕೆ 400 ರೂಪಾಯಿ ಸಂಪಾದಿಸುವ ಒಬ್ಬಾಕೆ ಇದ್ದಾಳೆನ್ನಿ. ಸೋಂಕು ಎಂದು ಬರೆಸಿಕೊಂಡರೆ 14 ದಿನ ಮನೆವಾಸ. ಹೋಗುವುದು 5,600 ರೂಪಾಯಿ. 2021ರ ಮೇ ತಿಂಗಳಲ್ಲಿ ಸರಕಾರ ಇಡೀ ಬಂದಿನ ಕಾಲಕ್ಕೆಂದು ಘೋಷಿಸಿದ ಪರಿಹಾರ ಕಟ್ಟಡ ಕಾರ್ಮಿಕರಿಗೆ, ಆಟೋ ಚಾಲಕರಿಗೆ 3,000. ಟೈಲರು, ಕ್ಷೌರಿಕ, ಅಗಸ ಮುಂತಾದವರಿಗೆ 2,000. ಮನೆಬಾಡಿಗೆ, ಸಂಘದ ಸಾಲದ ಕಂತು, ಮಗುವಿನ ಹಾಲು 14 ದಿನ ನಿಲ್ಲುವುದಿಲ್ಲ. ಆಕೆ ಜ್ವರವನ್ನು ಮುಚ್ಚಿಟ್ಟದ್ದು ಅಜ್ಞಾನದಿಂದಲ್ಲ, ಲೆಕ್ಕ ಬರುತ್ತಿದ್ದುದರಿಂದ.

ಇ.ಎಸ್.ಐ. ಇಲ್ಲವೇ ಎನ್ನುವರು. ಇದೆ. ತಿಂಗಳಿಗೆ 21,000 ರೂಪಾಯಿಯ ಒಳಗೆ ಸಂಬಳವಿದ್ದು ವಂತಿಗೆ ಕಟ್ಟಿದವರಿಗೆ ಕಾಯಿಲೆಯ ದಿನಗಳಲ್ಲಿ ಸಂಬಳದ ನೂರಕ್ಕೆ 70 ಪಾಲು, 91 ದಿನಗಳವರೆಗೆ ಸಿಗುತ್ತದೆ. ಒಳ್ಳೆಯ ಯೋಜನೆಯನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಕೋವಿಡಿನಿಂದ ಸತ್ತ ವಿಮಾದಾರನ ಅವಲಂಬಿತರಿಗೆ ಸಂಬಳದ ನೂರಕ್ಕೆ 90 ಪಾಲನ್ನು ತಿಂಗಳು ತಿಂಗಳು ಕೊಡುವ ಯೋಜನೆಯನ್ನೂ 2021ರಲ್ಲಿ ಅದೇ ನಿಗಮ ತಂದಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಈ ಕೊಡೆಯ ಕೆಳಗೆ ಇರುವವರೆಷ್ಟು? ಅಕ್ಕಿ ಗಿರಣಿಯ ಹಮಾಲಿ, ಇಟ್ಟಿಗೆ ಗೂಡಿನ ಕುಟುಂಬ, ಗುತ್ತಿಗೆಯ ಗಾರೆಯಾಳು, ಬೀಡಿ ಕಟ್ಟುವ ಮನೆಯಾಕೆ ಇದರ ಹೊರಗೇ ನೆನೆಯುತ್ತ ನಿಂತವರು. ಒಳಗಿದ್ದವರಿಗೂ ಹಲವು ಇ.ಎಸ್.ಐ. ಆಸ್ಪತ್ರೆಗಳು ಕೋವಿಡ್ ಆಸ್ಪತ್ರೆಗಳಾದ್ದರಿಂದ ವೈದ್ಯರ ಚೀಟಿ ತರುವುದೇ ಒಂದು ಯಾತ್ರೆಯಾಯಿತು. ಮಾಲಿಕರು ಸಂಬಳ ಹಿಡಿಯಬಾರದೆಂದು ಕೇಂದ್ರದ ಗೃಹ ಇಲಾಖೆ 2020ರ ಮಾರ್ಚ್ 29ರಂದು ಹೊರಡಿಸಿದ ಆಜ್ಞೆ ಮೇ 18ರ ಹೊತ್ತಿಗೆ ಇಲ್ಲವಾಯಿತು. ಬೀದಿಯ ಆಜ್ಞೆಗಳು ಎರಡು ವರ್ಷ ಬದುಕಿದವು. ಸಂಬಳದ ಆಜ್ಞೆಗೆ ಎರಡು ತಿಂಗಳ ಆಯುಸ್ಸೂ ಇರಲಿಲ್ಲ.

ಮನೆಮನೆಗೆ ಹೋಗಿ ಜ್ವರದ ಲೆಕ್ಕ ಬರೆದ ಆಶಾ ಕಾರ್ಯಕರ್ತೆಯರನ್ನೂ ಮರೆಯಲಾಗದು. ಚಪ್ಪಾಳೆ ತಟ್ಟಿಸಿಕೊಂಡ ಈ ಹೆಂಗಸರು 2020ರ ಜುಲೈಯಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು. ತಿಂಗಳಿಗೆ 12,000 ರೂಪಾಯಿಯ ಗೌರವಧನ, ಮತ್ತು ಕೈಗವಸು ಮುಖಗವಸುಗಳಂತಹ ರಕ್ಷಣೆಯ ಸಾಮಗ್ರಿ: ಇವು ಅವರ ಬೇಡಿಕೆ. ರೋಗದ ಮನೆಗೆ ಕಳಿಸುವವನು ಕೈಗೊಂದು ಗವಸು ಕೊಡು ಎಂದು ಕೇಳಲು ಮುಷ್ಕರ ಹೂಡಬೇಕಾದ ನಾಡು ನಮ್ಮದು.

ಈಗ ಆ ಕಲಮಿನ ಮಾತು. ಹಳೆಯ ಕಾರ್ಖಾನೆ ಕಾಯಿದೆಯಲ್ಲಿ ಸಾರ್ವಜನಿಕ ತುರ್ತುಸ್ಥಿತಿಯಲ್ಲಿ ವಿನಾಯಿತಿ ಕೊಡುವ ಅಧಿಕಾರ ಸರಕಾರಕ್ಕಿತ್ತು. ಯುದ್ಧ, ಹೊರಗಿನ ಆಕ್ರಮಣ, ಒಳಗಿನ ಕ್ಷೋಭೆಯಿಂದ ದೇಶದ ಭದ್ರತೆಗೇ ಗಂಡಾಂತರ ಬಂದ ಸಂದರ್ಭಕ್ಕೆಂದು ಇಟ್ಟ ಅಧಿಕಾರವದು. ಗುಜರಾತ್ ಸರಕಾರ 2020ರಲ್ಲಿ ಅದನ್ನು ಬಳಸಿ ದುಡಿಮೆಯ ಹೊತ್ತನ್ನು ಹೆಚ್ಚಿಸಿತು. ಪಿಡುಗು ಅಂತಹ ತುರ್ತುಸ್ಥಿತಿಯಲ್ಲ, ಅದರ ಭಾರವನ್ನು ಕೆಲಸಗಾರರ ಹೆಗಲಿಗೆ ಹೇರಲಾಗದೆಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 1ರಂದು ಆ ಆಜ್ಞೆಯನ್ನು ರದ್ದು ಮಾಡಿತು. ಆದರೆ ಅದಕ್ಕೆ ಕೆಲವೇ ದಿನ ಮುಂಚೆ, ಸೆಪ್ಟೆಂಬರಿನಲ್ಲಿ, ವಿರೋಧಪಕ್ಷಗಳು ಸಭೆಯನ್ನು ಬಹಿಷ್ಕರಿಸಿದ್ದಾಗ ಪಾರ್ಲಿಮೆಂಟು ಹೊಸ ಸಂಹಿತೆಯನ್ನು ಪಾಸು ಮಾಡಿತ್ತು. ಅದರಲ್ಲಿ ತುರ್ತುಸ್ಥಿತಿಯ ಜೊತೆಗೆ ವಿಪತ್ತು, ಸಾಂಕ್ರಾಮಿಕ ಪಿಡುಗು ಎಂಬ ಮಾತುಗಳೂ ಸೇರಿವೆ. ಅಂತಹ ಕಾಲದಲ್ಲಿ ಯಾವುದೇ ಕೆಲಸದ ಸ್ಥಳಕ್ಕೆ ಸಂಹಿತೆಯ ಯಾವುದೇ ನಿಯಮದಿಂದ, ಎಲ್ಲ ನಿಯಮಗಳಿಂದಲೂ ಬೇಕಾದರೆ, ಒಂದು ಸಲಕ್ಕೆ ಒಂದು ವರ್ಷ ಮೀರದಂತೆ ವಿನಾಯಿತಿ ಕೊಡಬಹುದು. ನ್ಯಾಯಾಲಯ ತೆಗೆದುಹಾಕಿದ ಆಯುಧವನ್ನು ಕಾಯಿದೆಯೇ ಸರಕಾರದ ಕೈಗೆ ಮತ್ತೆ ಕೊಟ್ಟಿದೆ. ಕೆಲಸದ ಸ್ಥಳದ ಆರೋಗ್ಯ ನಿಯಮ ಎಂದಾದರೂ ಅತ್ಯಗತ್ಯವೆನಿಸುವುದಾದರೆ ಅದು ಪಿಡುಗಿನ ಕಾಲದಲ್ಲಿ. ಆ ಕಾಲದಲ್ಲೇ ಅದನ್ನು ಅಮಾನತಿನಲ್ಲಿಡಬಹುದೆಂದು ಬರೆದವರ ಬುದ್ಧಿಗೆ ಏನೆನ್ನೋಣ? ಮಳೆ ಬಂದಾಗ ಮಾತ್ರ ಬಿಚ್ಚಬಾರದ ಕೊಡೆ ಇದು.

ವಿದ್ಯುತ್ ಬಳಸುವ ಕಡೆ 10 ಜನ ಕೆಲಸಗಾರರಿದ್ದರೆ ಕಾರ್ಖಾನೆ ಎನಿಸುತ್ತಿದ್ದುದು ಈಗ 20 ಜನರಿದ್ದರೆ ಮಾತ್ರ. ಸುರಕ್ಷತಾ ಸಮಿತಿ 500 ಜನರಿರುವ ಕಾರ್ಖಾನೆಗೆ. ನಮ್ಮಂತಹ ಜಿಲ್ಲಾ ಊರುಗಳ ಗಿರಣಿ, ಗರಗಸದ ಮಿಲ್ಲು, ಮಗ್ಗದ ಮನೆಗಳಲ್ಲಿ 500 ಜನ ಎಲ್ಲಿಂದ ಬರಬೇಕು? ಅಪಾಯ ಕಂಡರೆ ಕೆಲಸಗಾರ ಮಾಲಿಕನಿಗೆ ತಿಳಿಸಬಹುದೆಂದು ಸಂಹಿತೆ ಹೇಳುತ್ತದೆ. ಹಾಗೆ ತಿಳಿಸಿದವನು ಮರುದಿನವೂ ಅದೇ ಗೇಟಿನೊಳಗೆ ಹೋಗಬಲ್ಲನೇ? ಸಂಘವಿಲ್ಲದ ಕಡೆ ಆ ಹಕ್ಕು ಕಾಗದದ ಹೂವು.

ಇಷ್ಟು ಹೇಳಿ ನಮ್ಮ ತಪ್ಪನ್ನು ಮರೆಮಾಚಿದರೆ ಅಪ್ರಾಮಾಣಿಕತೆಯಾದೀತು. ಆ ದಿನಗಳಲ್ಲಿ ನಾವು ಅಕ್ಕಿ ಬೇಳೆ ಹಂಚಿದೆವು, ಪಾಸಿಗಾಗಿ ಮನವಿ ಬರೆದೆವು, ಲಾಠಿಯ ವಿರುದ್ಧ ಹೇಳಿಕೆ ಕೊಟ್ಟೆವು. ಗಿರಣಿಯ ಒಳಗೆ ಹೋಗಿ ಈ ಕಿಟಕಿ ಏಕೆ ತೆರೆದಿಲ್ಲವೆಂದು ಕೇಳಲಿಲ್ಲ. ಕೂಲಿಯ ದರಕ್ಕಾಗಿ ಹೋರಾಡುವುದನ್ನು ಕಲಿತ ನಾವು ಉಸಿರಾಡುವ ಗಾಳಿಗಾಗಿ ಹೋರಾಡುವುದನ್ನು ಇನ್ನೂ ಕಲಿಯಬೇಕಾಗಿದೆ.

ಆದುದರಿಂದ ನಮ್ಮ ಒತ್ತಾಯಗಳಿವು. ಮೊದಲನೆಯದಾಗಿ, ಪಿಡುಗಿನ ಕಾಲದಲ್ಲಿ ಸುರಕ್ಷತಾ ನಿಯಮಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸಂಹಿತೆಯಿಂದ ತೆಗೆಯಬೇಕು. ತೆಗೆಯುವವರೆಗೆ ಅದನ್ನು ಬಳಸುವುದಿಲ್ಲವೆಂದು ರಾಜ್ಯ ಸರಕಾರ ಶಾಸನಸಭೆಯಲ್ಲಿ ಮಾತು ಕೊಡಬೇಕು. ಎರಡನೆಯದಾಗಿ, ಸೋಂಕಿನ ರಜೆಗೆ ಪೂರ್ಣ ಸಂಬಳ ಸಿಗಬೇಕು. ಸಂಘಟಿತ, ಅಸಂಘಟಿತ ಎಂಬ ಭೇದ ಕೂಡದು. ಮೂರನೆಯದಾಗಿ, 10 ಜನ ದುಡಿಯುವ ಕಡೆಯೆಲ್ಲ ಕೆಲಸಗಾರರೇ ಆರಿಸಿದ ಸುರಕ್ಷತಾ ಪ್ರತಿನಿಧಿ ಇರಬೇಕು. ಗಾಳಿ, ನೀರು, ಅಂತರಗಳ ಬಗೆಗೆ ಅವನ ಅಥವಾ ಅವಳ ವರದಿಯನ್ನು ಇನ್‌ಸ್ಪೆಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾಲ್ಕನೆಯದಾಗಿ, ಕೆಲಸ ತೆರೆಯುವ ಆಜ್ಞೆಯಲ್ಲೇ ಕೆಲಸಕ್ಕೆ ಹೋಗುವ ಬಸ್ಸಿನ ಏರ್ಪಾಡೂ ಇರಬೇಕು. ಐದನೆಯದಾಗಿ, ಸಂತೆಯ ಹೊತ್ತು, ಹೊಲದ ದಾರಿ, ಗಡಿಯ ಓಡಾಟಗಳನ್ನು ಗ್ರಾಮ ಪಂಚಾಯಿತಿ, ಪುರಸಭೆಗಳೊಡನೆ ಕೂತು ತೀರ್ಮಾನಿಸಬೇಕು. ಯಾವ ಗಡಿಯೂ ರೋಗಿಗೆ ಮುಚ್ಚಕೂಡದು.

1897ರಲ್ಲಿ ಬ್ರಿಟಿಷರು ಪ್ಲೇಗಿಗೆ ಹೆದರಿ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿದಾಗ ಅದರಲ್ಲಿ ಸರಕಾರಕ್ಕೆ ಅಧಿಕಾರವನ್ನೂ ಜನರಿಗೆ ಶಿಕ್ಷೆಯನ್ನೂ ಬರೆದರು. ಸರಕಾರದ ಕರ್ತವ್ಯವನ್ನು ಬರೆಯಲಿಲ್ಲ. ಅವರು ಪರಕೀಯರು, ಅವರಿಂದ ಹೆಚ್ಚಿನದನ್ನು ಯಾರೂ ನಿರೀಕ್ಷಿಸಿರಲಿಲ್ಲ. ನಮ್ಮ ಮತ ಪಡೆದು ಗದ್ದುಗೆಯೇರಿದವರು 2020ರಲ್ಲಿ ಅದೇ ಲಾಠಿಯನ್ನು ಎತ್ತಿಕೊಂಡರೆಂಬುದೇ ನಮ್ಮ ದುಃಖ. ಮುಂದಿನ ಪಿಡುಗು ಯಾವಾಗ ಬರುವುದೆಂದು ಯಾರೂ ಹೇಳಲಾರರು. ಕಿಟಕಿಗಳನ್ನು ತೆರೆಸುವ ಕೆಲಸಕ್ಕೆ ಅದು ಬರುವವರೆಗೆ ಕಾಯಬೇಕಾಗಿಲ್ಲ. ಈ ವಾರವೇ, ನಿಮ್ಮ ನಿಮ್ಮ ಗಿರಣಿಯಲ್ಲಿ, ಮೊದಲ ಪಾಳಿಯ ಹೊತ್ತಿಗೆ ಅದನ್ನು ಆರಂಭಿಸಬಹುದು.